ಬೆಕ್ಕಿಗೆ ಹೇಳಿದ ಮಾತು

ಜನವರಿ ೧೧

ವಟವಟಿಗೆ,

ನಿನ್ನ ಕಾಗದ ಬಂತು. ಮೂರು ಹಾಳೆ. ಅದರಲ್ಲಿ ಎರಡು ನನಗೆ ಅರ್ಥವಾಗಬಾರದು ಅಂತಲೇ ಬರೆದ ಹಾಗಿದೆ. ಕಾನೂನು ಆಯೋಗದ ಕುರ್ಚಿಯಲ್ಲಿ ಕೂತ ಮೇಲೆ ನಿನ್ನ ಮಾತಿಗೂ ಇಸ್ತ್ರಿ ಹಾಕಿಸಿಕೊಂಡಿದ್ದೀಯ. ಚಿಕ್ಕವಳಿದ್ದಾಗ ನಿನ್ನ ಬಾಯಿ ಮುಚ್ಚಿಸೋಕೆ ಸಕ್ಕರೆ ತುರುಕಬೇಕಿತ್ತು. ಈಗ ಸರ್ಕಾರ ಆ ಬಾಯಿಗೆ ಸಂಬಳ ಕೊಡುತ್ತದೆ. ಇರಲಿ.

ನೀನು ಕೇಳಿದ್ದನ್ನು ನಾನು ಹೀಗೆ ತಿಳಿದುಕೊಂಡೆ. ಒಂದು ಬೀದಿಯವರೆಲ್ಲ ಸೇರಿ ಒಬ್ಬರ ಜೊತೆ ಮಾತು ಬಿಟ್ಟರೆ ಅದು ಅಪರಾಧ ಅಂತ ಕಲಂ ಬರೆಯಬೇಕೋ ಬೇಡವೋ. ಕರಡು ಬರೆಯುವವಳು ನೀನು.

ಬೇಡ.

ಯಾಕೆ ಅಂತ ಕೇಳು. ನಿನ್ನ ತಾತ ಸತ್ತಾಗ ನಿನ್ನ ಅಪ್ಪ ನನ್ನ ಸೊಂಟದ ಮೇಲಿದ್ದ, ನಿನ್ನತ್ತೆ ಹೊಟ್ಟೆಯಲ್ಲಿದ್ದಳು. ಬಣ್ಣದ ಕಾರ್ಖಾನೆಯ ಸಾಹುಕಾರ ಬಾಗಿಲಲ್ಲಿ ನಿಂತು, "ಗಂಡಾಳಿಲ್ಲದ ಮನೆಗೆ ನನ್ನ ಮನೆ ಕೊಡಲ್ಲ, ಖಾಲಿ ಮಾಡು" ಅಂದ. ನಮ್ಮ ಬೀದಿಯವರು ಕಲ್ಲು ಎತ್ತಲಿಲ್ಲ, ಕೋಲು ಎತ್ತಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಅವನ ಜೊತೆ ಮಾತು ನಿಲ್ಲಿಸಿದರು, ಅಷ್ಟೆ. ಯಾವ ಬಾನಿಯಲ್ಲಿ ಯಾವ ಬಣ್ಣ ಕುದಿಯುತ್ತಿದೆ ಅಂತ ಅವನು ಕೇಳಿದರೆ ಹೇಳುವವರಿಲ್ಲ. ಅವನ ಹೆಂಡತಿ ನಲ್ಲಿಯ ಹತ್ತಿರ ಬಂದರೆ ಹೆಂಗಸರೆಲ್ಲ ಬಿಂದಿಗೆ ಎತ್ತಿಕೊಂಡು ಹೊರಟುಬಿಡುತ್ತಿದ್ದರು. ಕೊನೆಗೆ ಅವನೇ ಬಂದು, ಚಪ್ಪಲಿ ಹೊರಗೆ ಬಿಟ್ಟು, "ಇರಮ್ಮಾ, ಸಾಯೋ ತನಕ ಇರು" ಅಂದು ಹೋದ. ನೀನು ಅಕ್ಷರ ಕಲಿತ ಮನೆ ಅದೇ.

ನಮ್ಮಂಥವರ ಹತ್ತಿರ ಕೋರ್ಟಿಲ್ಲ, ಪೊಲೀಸಿಲ್ಲ. ಬಾಯಿ ಇದೆ. ಅದನ್ನು ಬೇಕಾದಾಗ ಮುಚ್ಚಿಕೊಳ್ಳುವುದೂ ನಮಗೇ ಬಿಟ್ಟದ್ದು. ಸರ್ಕಾರ ಹೆದರಿಸಿ ಬಾಯಿ ಬಿಡಿಸಿದರೆ ಅದು ಮಾತಲ್ಲ, ವಾಂತಿ.

ನಿನ್ನತ್ತೆ ಚೆನ್ನಾಗಿದ್ದಾಳೆ.

ನಿನ್ನನ್ನು ಬೈಯೋಕೆ ಇನ್ನೂ ಶಕ್ತಿ ಇರುವ,
ಅಜ್ಜಿ


ಜನವರಿ ೨೪

ಪ್ರೀತಿಯ ಅಜ್ಜಿ,

ನೀನು ಎರಡು ಹಾಳೆಯ ತುಂಬ ಸಾಹುಕಾರನ ವಿಷಯ ಬರೆದು, ಅತ್ತೆಗೆ ಒಂದೇ ಸಾಲು ಕೊಟ್ಟಿದ್ದೀಯ. ಆ ಒಂದು ಸಾಲನ್ನೇ ನಾನು ಮತ್ತೆ ಮತ್ತೆ ಓದುತ್ತಿದ್ದೇನೆ.

ನೇರವಾಗಿ ಕೇಳುತ್ತೇನೆ. ಬಣ್ಣದ ನೀರನ್ನು ರಾತ್ರಿ ಹೊಳೆಗೆ ಬಿಡುತ್ತೀರಾ ಅಂತ ಇನ್ಸ್‌ಪೆಕ್ಟರು ಬಂದು ಕೇಳಿದಾಗ ಇಡೀ ಬೀದಿ "ಇಲ್ಲ" ಅಂದಿತು, ಅತ್ತೆ ಒಬ್ಬಳೇ "ಹೌದು" ಅಂದಳು. ಕೆಳಗಿನ ಊರಿನ ಮಕ್ಕಳ ಮೈಮೇಲೆ ಹುಣ್ಣು ಏಳುವುದನ್ನು ನೋಡಿ ಬಂದವಳು ಅವಳು. ಕಾರ್ಖಾನೆಯ ಒಲೆಗಳಿಗೆ ಬೀಗ ಬಿತ್ತು, ಒಂದು ಹಂಗಾಮು ಬೀದಿಗೆ ಕೂಲಿ ಇಲ್ಲದೆ ಹೋಯಿತು, ಅವತ್ತಿನಿಂದ ಯಾರೂ ಅವಳ ಜೊತೆ ಮಾತಾಡುವುದಿಲ್ಲ. ಇಷ್ಟು ನನಗೆ ಗೊತ್ತು. ಗೊತ್ತಿಲ್ಲದ್ದು ಒಂದು. ನೀನು ಮಾತಾಡುತ್ತೀಯಾ?

ಇನ್ನೊಂದು. ಸಾಹುಕಾರನ ಹೆಂಡತಿ ನಿನಗೆ ಏನು ಮಾಡಿದ್ದಳು?

ನಮ್ಮ ದೊಡ್ಡ ಸಾಹೇಬರು ಹೇಳುತ್ತಾರೆ, ಯಾರ ಜೊತೆ ಮಾತಾಡಬೇಕು, ಯಾರ ಜೊತೆ ಬೇಡ ಅನ್ನುವುದು ಮನುಷ್ಯನ ಮೊದಲ ಸ್ವಾತಂತ್ರ್ಯ, ಅದರೊಳಗೆ ಕಾನೂನು ಕೈ ಹಾಕಬಾರದು ಅಂತ. ನಾನು ಕೇಳಿದೆ, ನಿಜ ಹೇಳಿದವರು ಮನುಷ್ಯರ ನಡುವೆ ಬದುಕಬೇಕಲ್ಲ, ಅದು? ಅದೂ ದೊಡ್ಡದೇ ಅಂದರು. ಯಾವುದು ಹೆಚ್ಚು ದೊಡ್ಡದು ಅಂದೆ. ಕನ್ನಡಕ ಒರೆಸಿಕೊಂಡು ಅಂದರು, "ಅವೆರಡನ್ನೂ ಇಟ್ಟು ತೂಗೋ ತಕ್ಕಡಿ ಇದ್ದಿದ್ರೆ ನನಗೂ ನಿನಗೂ ಇಲ್ಲಿ ಕೆಲಸ ಇರ್ತಿರಲಿಲ್ಲ ಕಣಮ್ಮ."

ನನಗೆ ತಕ್ಕಡಿ ಬೇಡ ಅಜ್ಜಿ. ಆ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಹೇಳು. ನೀನು ಹೇಳಿದ್ದರ ಮೇಲೆ ಬರೆಯುತ್ತೇನೆ.

ನಿನ್ನ ಮೊಮ್ಮಗಳು


ಫೆಬ್ರವರಿ ೬

ವಟವಟಿಗೆ,

ನೀನು ಹೇಳಿದ್ದರ ಮೇಲೆ ಬರೆಯುತ್ತೇನೆ ಅಂತ ಬರೆದು ನನ್ನ ತಲೆ ಮೇಲೆ ಹಂಡೆ ಇಟ್ಟಿದ್ದೀಯ. ಓದಿದವರ ಬುದ್ಧಿಯೇ ಇದು. ಭಾರ ಬಂದ ಕೂಡಲೇ ಹೆಗಲು ಬದಲಾಯಿಸುತ್ತೀರಿ.

ಹೌದು, ನಾನೂ ಮಾತಾಡುವುದಿಲ್ಲ. ನಾನು ಬೀದಿಯವಳು. ಅವತ್ತು ನನಗಾಗಿ ಬಾಯಿ ಮುಚ್ಚಿದವರು ಇವತ್ತು ನನ್ನ ಮಗಳ ಮೇಲೆ ಬಾಯಿ ಮುಚ್ಚಿದಾಗ, ನಾನು ಮಾತ್ರ ತೆಗೆದರೆ ಹೇಗೆ? ಎದುರುಮನೆಯಾಕೆ ಆ ಹಂಗಾಮಿನಲ್ಲಿ ಮಗ್ಗದ ಮನೆಗೆ ನೆಲ ಒರೆಸೋಕೆ ಹೋದಳು. ಕಾರ್ಖಾನೆ ಮೇಸ್ತ್ರಿಯ ಮಗಳ ಮದುವೆ ಮುಂದೆ ಹೋಯಿತು. ನಿಜ ಹೇಳಿದ್ದು ನಿನ್ನತ್ತೆ, ಹಸಿದಿದ್ದು ಬೀದಿ. ಹಾಗಂತ ಕೆಳಗಿನ ಊರಿನ ಮಕ್ಕಳ ಹುಣ್ಣು ಸುಳ್ಳು ಅನ್ನುತ್ತಿಲ್ಲ. ನಾನೂ ಮಕ್ಕಳನ್ನು ಹೆತ್ತವಳೇ. ಒಂದೇ ಬಟ್ಟೆಯನ್ನು ಎರಡು ಬಾನಿಯಲ್ಲಿ ಅದ್ದಿ ಎರಡೂ ಬಣ್ಣ ಬೇಕು ಅಂದರೆ ಬರುವುದು ಕೆಸರಿನ ಬಣ್ಣ. ನಾನು ಒಂದು ಬಾನಿ ಆರಿಸಿಕೊಂಡೆ. ಅವಳು ಇನ್ನೊಂದು.

ಆದರೆ ನಿನ್ನಜ್ಜಿ ದಡ್ಡಿಯಲ್ಲ. ಮನೆಯಲ್ಲಿ ಬೆಕ್ಕಿದೆಯಲ್ಲ, ಬಾಲ ತುಂಡಾದದ್ದು. ಅದಕ್ಕೆ ಹೇಳುತ್ತೇನೆ. "ಬೆಕ್ಕೇ, ಗಂಜಿ ಆರಿಹೋಗ್ತಿದೆ, ಬೇಕಾದವರು ಬಂದು ಕುಡೀಬಹುದು." "ಬೆಕ್ಕೇ, ಹೊರಗೆ ಚಳಿ, ಶಾಲು ಹೊದೆಯದೆ ಹೋದವರು ಕೆಮ್ಮಿಕೊಂಡು ಬಂದ್ರೆ ನಾನು ಕಷಾಯ ಕಾಸಲ್ಲ." ಅವಳು ಬಂದು ಕುಡಿಯುತ್ತಾಳೆ, ಶಾಲು ಹೊದೆಯುತ್ತಾಳೆ. ಮೊದಮೊದಲು ಅವಳೂ ಬೆಕ್ಕಿಗೇ ಉತ್ತರ ಕೊಡುತ್ತಿದ್ದಳು. "ಬೆಕ್ಕೇ, ನಿನ್ನ ಯಜಮಾನಿಗೆ ಹೇಳು, ಉಪ್ಪು ಜಾಸ್ತಿ ಆಗಿದೆ." ಬೆಕ್ಕು ಪಾಪ, ಎರಡು ಕಡೆಯ ಬೈಗುಳ ತಿಂದು ದಪ್ಪವಾಯಿತು. ಬೀದಿಯ ನಿಯಮ ಮುರಿಯಲಿಲ್ಲ, ಮಗಳೂ ಹಸಿದಿರಲಿಲ್ಲ. ಇದಕ್ಕೆ ನಿನ್ನ ಯಾವ ಕಲಂ ಬೇಕು ಹೇಳು.

ಮೇಸ್ತ್ರಿ ಮೆತ್ತಗಾಗಿದ್ದಾನೆ. ಹಂಗಾಮು ಶುರುವಾಗಿ ದೊಡ್ಡ ಒಲೆ ಹಚ್ಚುವ ದಿನ ಅಂಗಳದಲ್ಲಿ ನಿಂತು "ತಪ್ಪಾಯ್ತು" ಅಂತ ಒಂದು ಮಾತು ಅಂದರೆ ಸಾಕು, ಬೀದಿ ಬಾಯಿ ತೆಗೆಯುತ್ತದೆ ಅಂದ. ಅದನ್ನು ಬೆಕ್ಕಿಗೆ ಹೇಳಿದ್ದೇನೆ. ಅವಳು ಗಂಜಿ ಬಟ್ಟಲು ತೊಳೆದಿಟ್ಟು ಎದ್ದುಹೋದಳು. ಈಗ ನೀನು ಕಲಂ ಬರೆದು ಕಳಿಸಿದರೆ ಪೊಲೀಸರು ಬರುತ್ತಾರೆ, ಮೇಸ್ತ್ರಿ ಹಟ ಹಿಡಿಯುತ್ತಾನೆ, ಬಾಯಿ ತೆಗೆದರೂ ಹಲ್ಲು ಕಡಿದುಕೊಂಡು ತೆಗೆಯುತ್ತಾರೆ. ಅಂಥ ಮಾತು ನನ್ನ ಮಗಳಿಗೆ ಬೇಡ. ಒಲೆ ಹಚ್ಚುವವರೆಗೆ ಸುಮ್ಮನಿರು.

ಅವಳ ಕಿವಿ ಸ್ವಲ್ಪ ಮಂದವಾದ ಹಾಗಿದೆ. ಹಿಂದಿನಿಂದ ಗಾಡಿ ಬಂದರೂ ಸರಿಯುವುದಿಲ್ಲ. ಬೆಕ್ಕಿಗೆ ಹೇಳಿ ಎಣ್ಣೆ ಬಟ್ಟಲು ಇಟ್ಟಿದ್ದೇನೆ.

ಸಾಹುಕಾರನ ಹೆಂಡತಿಯನ್ನು ಈಗ ಯಾಕೆ ಎಳೆದು ತರುತ್ತೀಯ? ಸತ್ತು ಎಷ್ಟೋ ಕಾಲವಾಯಿತು.

ಅಜ್ಜಿ


ಫೆಬ್ರವರಿ ೨೭

ಪ್ರೀತಿಯ ಅಜ್ಜಿ,

ನೀನು ಇಲ್ಲಿ ಪ್ರಸಿದ್ಧಳಾಗಿಬಿಟ್ಟೆ. ಬೆಕ್ಕಿನ ಕಾಗದವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಕೋಪ ಮಾಡಿಕೊಳ್ಳಬೇಡ, ಹೆಸರು ಹೇಳಲಿಲ್ಲ. "ಎರಡು ಕಡೆಯ ಬೈಗುಳ ತಿಂದು" ಅನ್ನುವಾಗ ಟೈಪಿಸ್ಟು ಟೀ ಚೆಲ್ಲಿಕೊಂಡ. ದೊಡ್ಡ ಸಾಹೇಬರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೆ ಗಂಭೀರವಾಗಿ ಅಂದರು, "ನೋಡಿ, ಇದೇ ನಾನು ಹೇಳಿದ್ದು. ನಿಷ್ಠೆಯನ್ನೂ ಬಿಡದೆ ಪ್ರೀತಿಯನ್ನೂ ಬಿಡದೆ ಜನ ತಾವೇ ದಾರಿ ಮಾಡ್ಕೋತಾರೆ. ನಾವು ಮಧ್ಯ ಹೋದ್ರೆ ಆ ದಾರಿ ಮುಚ್ಚಿಹೋಗುತ್ತೆ."

ಕಲಂ ತೆಗೆದೆವು. ನಾನೇ ಗೆರೆ ಎಳೆದೆ. ಮೇ ತಿಂಗಳಲ್ಲಿ ವರದಿಗೆ ಸಹಿ.

ನಿಜ ಹೇಳಲಾ, ಮನಸ್ಸು ಹಗುರವಾಯಿತು. ನಿನ್ನ ವಿರುದ್ಧ ಬರೆಯಬೇಕಾಗುತ್ತದೆ ಅಂತ ಹೆದರಿದ್ದೆ. ನನ್ನ ಬೀದಿಯ ಮೇಲೆ ನಾನೇ ಪೊಲೀಸರನ್ನು ಕಳಿಸುವುದೂ ಬೇಡವಾಗಿತ್ತು.

ಅತ್ತೆಗೆ ನನ್ನ ನೆನಪು ಹೇಳು. ಬೆಕ್ಕಿನ ಮೂಲಕವೇ ಆಗಲಿ.

ವಟವಟಿ


ಏಪ್ರಿಲ್ ೨

ಮೊಮ್ಮಗಳಿಗೆ,

ಒಲೆ ಹಚ್ಚಿದರು, ಅವಳು ತಪ್ಪಾಯ್ತು ಅನ್ನಲಿಲ್ಲ. ಆಮೇಲೆ ಅಂಗಳದಲ್ಲಿ ಕುದಿಯುವ ಬಣ್ಣ ಬಿದ್ದು ಮೈ ಸುಟ್ಟಿದೆ. ಆಸ್ಪತ್ರೆಯಲ್ಲಿದ್ದಾಳೆ. ಜೀವಕ್ಕೆ ಭಯವಿಲ್ಲ ಅಂತಾರೆ. ನೀನು ಬರಬೇಡ, ನೋಡೋಕೆ ಬಿಡುವುದಿಲ್ಲ.

ಅಜ್ಜಿ


ಏಪ್ರಿಲ್ ೭

ಅಜ್ಜಿ,

ಐದು ಸಾಲು. ಇಷ್ಟಕ್ಕೆ ಐದು ಸಾಲು.

ಹಂಡೆ ಹೊತ್ತಿದ್ದು ಯಾರು? ಕುದಿಯುವ ಹಂಡೆ ಒಲೆ ಬಿಟ್ಟು ಕದಲಿದರೆ ಮುಂದಿನವನು "ಬಿಸಿ, ಬಿಸಿ" ಅಂತ ಕೂಗಲೇಬೇಕು. ನಾನು ಆ ಅಂಗಳದಲ್ಲಿ ಆಡಿ ಬೆಳೆದವಳು, ಆ ಕೂಗಿಗೆ ಗೋಡೆಗೆ ಅಂಟಿಕೊಂಡು ನಿಂತವಳು. ಅವನು ಕೂಗಿದನೋ ಇಲ್ಲವೋ? ಅತ್ತೆಯ ಜೊತೆ ಮಾತಿಲ್ಲ ಅಂತ ಆ ಕೂಗನ್ನೂ ನುಂಗಿದನಾ?

ಹಾಗಾಗಿದ್ದರೆ ಅದು ಅವಘಡವಲ್ಲ. ವರದಿಗೆ ಇನ್ನೂ ಸಹಿಯಾಗಿಲ್ಲ, ಆ ಕಲಂ ವಾಪಸು ಹಾಕಿಸುತ್ತೇನೆ. ಅಷ್ಟೇ ಅಲ್ಲ, ಕೇಸೂ ಹಾಕಿಸುತ್ತೇನೆ. ಯಾರು ಎಲ್ಲಿ ನಿಂತಿದ್ದರು, ಯಾರು ಬಾಯಿ ಮುಚ್ಚಿಕೊಂಡಿದ್ದರು, ಎಲ್ಲ ಬರೆದು ಕಳಿಸು. ಈ ಸಲ ಬೆಕ್ಕಿನ ಕಥೆ ಬೇಡ.

ಎಲ್ಲ ಸರಿಹೋಗುತ್ತಿದೆ ಅಂತ ನೀನು ಬರೆದೆ. ನಾನು ನಂಬಿ ಗೆರೆ ಎಳೆದೆ.


ಏಪ್ರಿಲ್ ೧೯

ಮೊಮ್ಮಗಳಿಗೆ,

ಬರೆಯುವುದು ತಡವಾಯಿತು. ನಿನಗೆ ಬೇಕಾದ ಉತ್ತರ ನನ್ನ ಹತ್ತಿರ ಇಲ್ಲ, ಅದಕ್ಕೇ ತಡವಾಯಿತು.

ಅವನು ಕೂಗಿದ.

ಮುಂದೆ ಹೊತ್ತಿದ್ದವನು ಮೇಸ್ತ್ರಿಯ ಹಿರಿಯ ಅಳಿಯ. ಒಲೆಯಿಂದ ಹಂಡೆಯ ಕೋಲು ಇಬ್ಬರ ಹೆಗಲಿಗೆ ಏರಿದಾಗಿನಿಂದ ಕೂಗುತ್ತಲೇ ಬಂದ. ನಾನು ಮೆಟ್ಟಿಲ ಮೇಲೆ ಕೂತು ನೂಲಿನ ಗಂಟು ಬಿಡಿಸುತ್ತಿದ್ದೆ, ಕಿವಿಯಾರೆ ಕೇಳಿದೆ. ಅಂಗಳದಲ್ಲಿದ್ದವರೆಲ್ಲ ಸರಿದರು. ನಿನ್ನತ್ತೆ ಬಾನಿಯ ಹತ್ತಿರ ಬೆನ್ನು ತಿರುಗಿಸಿಕೊಂಡು ಬಟ್ಟೆ ಹಿಂಡುತ್ತಿದ್ದಳು. ಅವಳು ಸರಿಯಲಿಲ್ಲ. ಅವನು ಇನ್ನೂ ಜೋರಾಗಿ ಕೂಗಿದ. ಸರಿಯಲಿಲ್ಲ.

ನಾನು ಕಿವಿ ಮಂದ ಅಂದುಕೊಂಡಿದ್ದೆನಲ್ಲ. ಆಸ್ಪತ್ರೆಯವರು ನೋಡಿದರು. ಕಿವಿ ಚೆನ್ನಾಗಿದೆ. ಅವಳಿಗೆ ಕೇಳಿಸುತ್ತಿತ್ತು. ಅದು ತನಗೆ ಅಂತ ಅನ್ನಿಸುತ್ತಿರಲಿಲ್ಲ, ಅಷ್ಟೆ. ಯಾರ ಮಾತೂ ಅವಳದಲ್ಲ. ಗಾಡಿಯವನ ಕೂಗು ಅವಳದಲ್ಲ, ನಲ್ಲಿಯ ಹತ್ತಿರದ ನಗು ಅವಳದಲ್ಲ. ಮನೆಗೆ ಬಂದರೆ ಹೆತ್ತ ತಾಯಿಯ ಮಾತು ಬೆಕ್ಕಿನದು. ಅಷ್ಟು ದಿನ ಹಾಗಿದ್ದವಳು "ಬಿಸಿ" ಅನ್ನುವುದನ್ನು ಮಾತ್ರ ತನ್ನದು ಅಂತ ಯಾಕೆ ಅಂದುಕೊಳ್ಳಬೇಕು?

ನಾನು ಎದ್ದು ಕೂಗಿದೆ. ಬೆಕ್ಕೇ ಅನ್ನಲಿಲ್ಲ. "ಕೂಸೇ" ಅಂದೆ. ಅವಳು ಹುಟ್ಟಿದಾಗ ನಾನು ಕರೆದದ್ದು ಹಾಗೆ, ಆ ಇನ್ಸ್‌ಪೆಕ್ಟರು ಬಂದು ಹೋದ ಮೇಲೆ ಕರೆದಿರಲಿಲ್ಲ.

ಅದಕ್ಕೆ ತಿರುಗಿದಳು.

ಊಟಕ್ಕೆ ಕರೆದರೆ ಮಕ್ಕಳು ತಿರುಗುತ್ತವಲ್ಲ, ಹಾಗೆ ಪೂರ್ತಿ ತಿರುಗಿದಳು. ಅದೇ ಹೊತ್ತಿಗೆ ಇವಳು ಸರಿಯಲಿಲ್ಲ ಅಂತ ಮುಂದಿನವನು ಗಕ್ಕನೆ ನಿಂತ. ಹಿಂದಿನವನಿಗೆ ಹಬೆಯಲ್ಲಿ ಏನು ಕಾಣುತ್ತದೆ, ಅವನು ನಡೆದ. ಹಂಡೆ ತೂಗಿ ಬಾಗಿತು. ನಾನು ಕರೆಯದೆ ಇದ್ದಿದ್ದರೆ ಬೆನ್ನಿನ ಮೇಲೆ ಬೀಳುತ್ತಿತ್ತು. ಕರೆದೆ, ಮುಖದ ಮೇಲೆ ಬಿತ್ತು. ಒಂದು ಕಣ್ಣು ಹೋಗಿದೆ. ಇನ್ನೊಂದಕ್ಕೆ ಪಟ್ಟಿ ಕಟ್ಟಿದ್ದಾರೆ.

ಈಗ ಹೇಳು ಲಾಯರಮ್ಮ, ಕೇಸು ಯಾರ ಮೇಲೆ? ಕೂಗಬೇಕಾದವನು ಕೂಗಿದ. ಸರಿಯಬೇಕಾದವರು ಸರಿದರು. ತಾಯಿ ಮಗಳನ್ನು ಕರೆದಳು. ಯಾರ ಕೈಗೆ ಬೇಡಿ ಹಾಕಿಸುತ್ತೀಯ?

ಬೀದಿಯೇ ಆಸ್ಪತ್ರೆಗೆ ಬಂತು. ತಪ್ಪಾಯ್ತು ಅನ್ನಲಿ ಅಂತ ಯಾರೂ ಕಾಯಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡಿದರು. ಎದುರುಮನೆಯಾಕೆ ಕಾಲು ಒತ್ತುತ್ತಾ, ಹಸು ಕರು ಹಾಕಿದ್ದು, ಮಾಡು ಸೋರಿದ್ದು ಎಲ್ಲ ಬಿಡದೆ ಹೇಳಿದಳು. ಇದು ಸಂತೆಯಲ್ಲ ಅಂತ ನರ್ಸು ಬೈದಳು. ಮೇಸ್ತ್ರಿ ತಲೆಯ ಹತ್ತಿರ ನಿಂತು, "ತಂಗೀ, ಮಾತಾಡಮ್ಮ" ಅಂದ. ಅವಳು ಮಾತಾಡಲಿಲ್ಲ. ಗಂಟಲಿಗೆ ಏನೂ ಆಗಿಲ್ಲವಂತೆ, ಡಾಕ್ಟರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾಳೆ. ಬೀದಿಯವರಿಗಿಲ್ಲ. ನನಗೂ ಇಲ್ಲ.

ಮೇಸ್ತ್ರಿ ನನ್ನನ್ನು ಹೊರಗೆ ಕರೆದು, "ಅಕ್ಕಾ, ಒಂದು ಮಾತು ಆಡು ಅಂತ ನೀನಾದ್ರೂ ಹೇಳು, ನಮಗೆ ಊಟ ಇಳೀತಿಲ್ಲ" ಅಂದ. ನಾನು ಅಂದೆ, "ಮಾತಾಡದೆ ಇರೋದು ಅವಳಿಗೆ ಬಿಟ್ಟಿದ್ದು ಮೇಸ್ತ್ರಿ. ನಾನೇ ಕಾಗದದಲ್ಲಿ ಬರೆದು ಸರ್ಕಾರಕ್ಕೆ ಕಳಿಸಿದ್ದೀನಿ."

ಸಾಹುಕಾರನ ಹೆಂಡತಿ ನನಗೆ ಏನೂ ಮಾಡಿರಲಿಲ್ಲ. ಕೊನೆಕೊನೆಗೆ ಅವಳು ತನ್ನ ಬಿಂದಿಗೆಯ ಜೊತೆ ಮಾತಾಡುತ್ತಿದ್ದಳು. ನಾವು ನಗುತ್ತಿದ್ದೆವು.

ಒಂದು ಕೇಳುತ್ತೇನೆ, ಸಿಟ್ಟಾಗಬೇಡ, ಆದರೂ ಸರಿ. ನಿನಗೆ ಬೀದಿಯ ನಿಯಮ ಇರಲಿಲ್ಲ. ಅಷ್ಟು ಕಾಗದ ಬರೆದೆ, ಆಫೀಸಿನವರಿಗೆ ಓದಿ ನಗಿಸಿದೆ. ಒಂದನ್ನಾದರೂ ಅವಳಿಗೆ ಅಂತ ಬರೆದೆಯಾ?

ಅಜ್ಜಿ


ಮೇ ೨೨

ಅಜ್ಜಿ,

ಇಲ್ಲ, ಬರೆಯಲಿಲ್ಲ. ಅವಳ ಬಗ್ಗೆ ಬರೆಯುತ್ತಿದ್ದೇನಲ್ಲ, ಅದೇ ಅವಳಿಗೆ ಬರೆದ ಹಾಗೆ ಅಂದುಕೊಂಡಿದ್ದೆ. ನನ್ನ ಫೀಸಿಗಾಗಿ ಎರಡು ಪಾಳಿ ನಿಂತು ಮೊಣಕೈವರೆಗೆ ನೀಲಿಯಾದವಳು. ಅವಳು ನನಗೆ ಒಂದು ವಿಷಯವಾಗಿಬಿಟ್ಟಿದ್ದಳು.

ನಿನ್ನ ಕಾಗದ ಬಂದ ಮೇಲೆ ಎರಡು ಸಲ ಕರಡು ಬರೆದು ಹರಿದೆ. ದೊಡ್ಡ ಸಾಹೇಬರು ಕಲಂ ಬೇಡ ಅಂತಲೇ ಅಂದರು. "ಈ ಕಲಂ ಇದ್ದಿದ್ರೂ ಆ ಹಂಡೆ ನಿಲ್ತಿರಲಿಲ್ಲ" ಅಂದರು. ಅದು ನಿಜ. ಆದರೆ ನಿಜ ಹೇಳಿದ್ದಕ್ಕೆ ಒಬ್ಬಳು ಮನುಷ್ಯರ ಕೂಗನ್ನೇ ತನ್ನದಲ್ಲ ಅಂದುಕೊಳ್ಳುವಂತಾದರೆ, ಅದನ್ನು ಯಾರ ಸ್ವಾತಂತ್ರ್ಯ ಅಂತ ಬರೆಯಲಿ? ಕಲಂ ಸೇರಿಸಬೇಕು ಅಂತ ವರದಿಯ ಕೊನೆಗೆ ನನ್ನ ಭಿನ್ನಾಭಿಪ್ರಾಯ ಬರೆದು ಸಹಿ ಮಾಡಿದೆ. ಅದರ ಕೆಳಗೆ ಇನ್ನೂ ಒಂದು ಮಾತು ಸೇರಿಸಿದೆ. ಈ ಕಾನೂನು ಹಿಂದೆ ಇದ್ದಿದ್ದರೆ ಒಬ್ಬ ವಿಧವೆ ಎರಡು ಮಕ್ಕಳ ಜೊತೆ ಬೀದಿಗೆ ಬೀಳುತ್ತಿದ್ದಳು, ಅವಳ ಮನೆ ಉಳಿಸಿದ್ದು ನಾನು ಅಪರಾಧ ಅನ್ನುತ್ತಿರುವ ಇದೇ ಮೌನ ಅಂತ. ಹಾಗೆ ಬರೆದರೆ ವಾದ ದುರ್ಬಲವಾಗುತ್ತದೆ ಅಂದರು. ಇರಲಿ ಅಂದೆ.

ಇದು ಸರಿಯೋ ತಪ್ಪೋ ಅಂತ ಈ ಸಲ ನಿನ್ನನ್ನು ಕೇಳುತ್ತಿಲ್ಲ. ಈ ಹಂಡೆ ನನ್ನ ಹೆಗಲಿಗೇ ಇರಲಿ.

ಜೊತೆಗೆ ಇನ್ನೊಂದು ಲಕೋಟೆ ಇದೆ. ಅದರ ಮೇಲೆ ಅತ್ತೆಯ ಹೆಸರಿದೆ. ಅವಳ ಕೈಗೆ ಕೊಡು. ಕೆಲಸಕ್ಕೆ ರಜೆ ಕೇಳಿದ್ದೇನೆ. ನೀನು ಬೇಡ ಅಂದರೂ ಬರುತ್ತೇನೆ.

ವಟವಟಿ


ಜೂನ್ ೧೪

ವಟವಟಿಗೆ,

ಅವಳನ್ನು ಮನೆಗೆ ಕರೆದುಕೊಂಡು ಬಂದೆವು. ಉಳಿದ ಕಣ್ಣಿಗೆ ಬೆಳಕು ನೆರಳು ಮಾತ್ರ ಗೊತ್ತಾಗುತ್ತದಂತೆ. ಕಿಟಕಿ ಪಕ್ಕದ ಮಂಚ ಕೊಟ್ಟಿದ್ದೇನೆ. ಮುಂದೆ ಹಂಡೆ ಹೊತ್ತಿದ್ದ ಮೇಸ್ತ್ರಿಯ ಅಳಿಯ ಬಂದು ಹೊಸ್ತಿಲಲ್ಲಿ ಕೂತು ಎದ್ದು ಹೋಗುತ್ತಾನೆ. ಈಗ ಅವನು ಅಂಗಳದಲ್ಲಿ ಕೂಗುವ "ಬಿಸಿ" ಮೂರು ಬೀದಿಗೆ ಕೇಳುತ್ತದೆ. ಹಂಡೆ ಖಾಲಿ ಇದ್ದರೂ ಕೂಗುತ್ತಾನೆ.

ರಾತ್ರಿ ಹೊಳೆಗೆ ನೀರು ಬಿಡುವುದು ನಿಂತಿಲ್ಲ. ಅದನ್ನೂ ಬರೆಯುತ್ತೇನೆ, ನಿನ್ನಿಂದ ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ.

ನಿನ್ನ ಲಕೋಟೆ ಅವಳ ಕೈಗೆ ಕೊಟ್ಟೆ. ಹೆಸರಿನ ಮೇಲೆ ಬೆರಳಾಡಿಸಿದಳು. ಓದಿ ಹೇಳಲಾ ಅಂದೆ. ದಿಂಬಿನ ಕೆಳಗೆ ಇಟ್ಟುಕೊಂಡಳು. ನಾನು ಓದಿಲ್ಲ, ನೀನು ಆಣೆ ಹಾಕಿಸಬೇಕಾಗಿಲ್ಲ. ಬಂದಾಗ ನೀನೇ ಓದಿ ಹೇಳು. ನಿನಗೂ ಮಾತಾಡದೆ ಇರಬಹುದು. ಅದಕ್ಕೆ ಸಿದ್ಧಳಾಗಿ ಬಾ. ಬಂದು ಅತ್ತು ಕರೆದು ಅವಳ ಬಾಯಿ ತೆಗೆಸಲು ನೋಡಿದರೆ ನಿನ್ನನ್ನು ಅದೇ ಗಾಡಿಯಲ್ಲಿ ವಾಪಸು ಕಳಿಸುತ್ತೇನೆ.

ನಿನ್ನ ಕಲಮಿನ ಬಗ್ಗೆ ಏನೂ ಹೇಳುವುದಿಲ್ಲ. ಅದು ಬಂದರೆ ನನ್ನಂಥವಳು ಯಾವಳೋ ಮನೆ ಕಳೆದುಕೊಳ್ಳುತ್ತಾಳೆ. ಬರದೆ ಹೋದರೆ ನನ್ನ ಮಗಳಂಥವಳು ಯಾವಳೋ ಬೆನ್ನು ತಿರುಗಿಸಿಕೊಂಡು ನಿಂತಿರುತ್ತಾಳೆ. ಎರಡೂ ನನ್ನ ಕಣ್ಣಿಗೆ ಕಾಣುತ್ತವೆ. ಅದಕ್ಕೇ ನಿದ್ದೆ ಬರುವುದಿಲ್ಲ.

ಬೆಕ್ಕು ಈಗ ಅವಳ ಕಾಲ ಹತ್ತಿರ ಮಲಗುತ್ತದೆ. ನಾನು ಅದರ ಜೊತೆ ಮಾತು ಬಿಟ್ಟಿದ್ದೇನೆ. ಗಂಜಿ ತಂದಾಗ ಅವಳ ಮುಖದ ಹತ್ತಿರ ಬಾಗಿ, "ಕೂಸೇ, ಬಿಸಿ" ಅನ್ನುತ್ತೇನೆ.

ಅವಳು ಬಟ್ಟಲಿಗೆ ಚಾಚಿದ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ.

ಅಜ್ಜಿ